ಬಿಡುಗಡೆಯಾದ ಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆ?

ಬಳ್ಳಾರಿಯಲ್ಲಿ ಪುಸ್ತಕ ಬಿಡುಗಡೆ ಬಹುತೇಕ ಭಾನುವಾರ ಬೆಳಿಗ್ಗೆಯೇ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿದ್ದರೆ ಪ್ರಾರ್ಥನಾ ಗೀತೆ ಹನ್ನೊಂದೂಕಾಲಕ್ಕೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಎದುರಿಗೆ ನಲವತ್ತು ಜನ. ಆ ನಲವತ್ತರಲ್ಲಿ ಲೇಖಕರ ಮನೆಯವರು, ಬೀಗರು, ಶಾಲೆಯ ಸಹೋದ್ಯೋಗಿಗಳನ್ನು ಕಳೆದರೆ ಉಳಿಯುವವರು ಬೇರೆ ಲೇಖಕರು. ಅವರ ಪುಸ್ತಕಗಳೂ ಮುಂದಿನ ತಿಂಗಳೋ ಅದರ ಮುಂದಿನ ತಿಂಗಳೋ ಬಿಡುಗಡೆಯಾಗಲಿವೆ. ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದು, ಫೋಟೊದವರು ‘ಇನ್ನೊಂದ್ಸಲ ಸರ’ ಎಂದಾಗ ಇನ್ನೊಮ್ಮೆ ಹಿಡಿದು, ಶಾಲು, ಹಾರ, ಸ್ಮರಣಿಕೆಗಳೆಲ್ಲ ಮುಗಿಯುವಷ್ಟರಲ್ಲಿ ಕೃತಿ ಪರಿಚಯ ಮಾಡಬೇಕಾದವರಿಗೆ ಐದು ನಿಮಿಷ ಉಳಿದಿರುತ್ತದೆ. ಕೊನೆಗೆ ಒಗ್ಗರಣಿ, ಮಿರ್ಚಿ, ಚಹಾ. ಬಾಗಿಲ ಬಳಿಯ ಮೇಜಿನಿಂದ ಪುಸ್ತಕ ಎತ್ತಿಕೊಂಡವರು ‘ಓದಿ ಹೇಳ್ತೀನ್ರಿ’ ಎನ್ನುತ್ತಾರೆ. ದುಡ್ಡಿನ ಮಾತೆತ್ತಲು ಲೇಖಕರಿಗೆ ಸಂಕೋಚ, ಕೊಡಲು ಅವರಿಗೆ ಮರೆವು.

ನಾನು ಆ ಮೇಜಿನ ಎರಡೂ ಕಡೆ ನಿಂತವನು. ಪುಕ್ಕಟೆ ಪುಸ್ತಕ ಎತ್ತಿಕೊಂಡು ಓದದೇ ಇಟ್ಟಿದ್ದೇನೆ. ನನ್ನದೊಂದು ಕವನ ಸಂಕಲನದ ಆರು ಡಬ್ಬಿಗಳನ್ನು ಮಂಚದ ಕೆಳಗೆ ತಳ್ಳಿ, ಮೂರನೆಯ ಮಳೆಗಾಲದಲ್ಲಿ ಗೆದ್ದಲಿಗೆ ಓದಲು ಕೊಟ್ಟಿದ್ದೇನೆ. ಆದ್ದರಿಂದ ಮುಂದಿನದು ದೂರು ಎನ್ನುವುದಕ್ಕಿಂತ ಒಂದು ಹುಡುಕಾಟ. ಬಳ್ಳಾರಿ ನಗರ, ಅಲ್ಲಿಂದ ಸುಮಾರು 30 ಕಿಲೋಮೀಟರಿನ ಕುರುಗೋಡು, 55 ಕಿಲೋಮೀಟರಿನ ಸಿರುಗುಪ್ಪ ಈ ಮೂರು ಊರುಗಳಲ್ಲಿ ಹೊಸದಾಗಿ ಬರೆಯುವವರು ತಮ್ಮ ಪುಸ್ತಕವನ್ನು ಓದುಗರಿಗೆ ಹೇಗೆ ಮುಟ್ಟಿಸುತ್ತಾರೆ, ಹಿಂದೆ ಹೇಗೆ ಮುಟ್ಟಿಸುತ್ತಿದ್ದರು, ಯಾವ ದಾರಿ ಎಲ್ಲಿ ಕಡಿಯುತ್ತದೆ ಎಂಬುದು ನನ್ನ ಪ್ರಶ್ನೆ.

ಮೊದಲು ಲೆಕ್ಕ. ಕವನ ಸಂಕಲನಗಳ ಒಳಪುಟದಲ್ಲಿ ‘ಪ್ರತಿಗಳು: 1000’ ಎಂಬ ಸಾಲು ಇರುತ್ತದೆ. ಅದು ಆಫ್‌ಸೆಟ್ ಮುದ್ರಣದ ಕಾಲದ ಸಂಖ್ಯೆ; ಪ್ಲೇಟು ಮಾಡಿಸಿದ ಮೇಲೆ ಮುನ್ನೂರು ಹಾಕಿಸಿದರೂ ಸಾವಿರ ಹಾಕಿಸಿದರೂ ಖರ್ಚಿನಲ್ಲಿ ಅಂಥ ಅಂತರವಿರುತ್ತಿರಲಿಲ್ಲ. ಈಗ ಡಿಜಿಟಲ್ ಮುದ್ರಣ ಬಂದು ನೂರು, ಇನ್ನೂರು ಪ್ರತಿ ಹಾಕಿಸುವುದು ಸುಲಭವಾಗಿದೆ. ಆದರೂ ಸಾವಿರ ಎಂದು ಅಚ್ಚು ಹಾಕಿಸುವ ಆಸೆ ಹೋಗಿಲ್ಲ. ಪುಸ್ತಕದಂಗಡಿಗೆ ಕೊಟ್ಟರೆ ನೂರಕ್ಕೆ ಮೂವತ್ತರಿಂದ ನಲವತ್ತು ಕಮಿಷನ್, ಉಳಿದದ್ದು ಮಾರಿದ ಮೇಲೆ. ನೂರಿಪ್ಪತ್ತು ರೂಪಾಯಿಯ ಪುಸ್ತಕಕ್ಕೆ ಮುದ್ರಣಕ್ಕೇ ಅರವತ್ತು ಹೋಯಿತೆಂದಿಟ್ಟುಕೊಳ್ಳಿ. ಕಮಿಷನ್ ಕಳೆದು ಲೇಖಕರ ಕೈಯಲ್ಲಿ ಉಳಿಯುವುದು ಬಸ್ ಚಾರ್ಜು. ಬಿಡುಗಡೆ ಸಭೆಯ ಶಾಮಿಯಾನ, ಮೈಕು, ಹಾರದ ಖರ್ಚನ್ನು ಇದಕ್ಕೆ ಸೇರಿಸಿದರೆ ಲೆಕ್ಕವೇ ಬೇಡವಾಗುತ್ತದೆ.

ಹಾರದ ವಿಷಯಕ್ಕೆ ಒಂದು ಮಾತು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಸರ್ಕಾರಿ ಸಭೆಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂಬ ಆದೇಶ ಬಂತು. ಹೂವಿನವರು ಬೇಸರಪಟ್ಟರು, ಲೇಖಕರು ಖುಷಿಪಟ್ಟರು. ಇವತ್ತು ಸಾಹಿತ್ಯದ ಸಭೆಗಳಲ್ಲೇ ಪುಸ್ತಕಕ್ಕಿಂತ ಹಾರ ಹೆಚ್ಚು.

ಅಂಗಡಿ, ಸಭೆಗಳಿಂದ ಆಗದಿದ್ದರೆ ಲೇಖಕರೇ ಪುಸ್ತಕ ಹೊತ್ತು ಓದುಗರ ಮನೆಗೆ ಹೋಗುವುದು ಕನ್ನಡಕ್ಕೆ ಹೊಸದೇನಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಈ ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಧ್ಯಕ್ಷರಾಗಿ ಬಂದವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. ವಚನಗಳನ್ನು ಅಚ್ಚು ಹಾಕಿಸಲು ಮನೆಯನ್ನೇ ಮಾರಿ, ಅದರ ಹಿಂದಿನ ವರ್ಷವಷ್ಟೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದ್ದವರು. ಅದೇ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಶುರು ಮಾಡಿದರು. ಗ್ರಂಥವೊಂದೇ ಇದ್ದರೆ ಓದುಗ ಒಮ್ಮೆ ಬಂದು ಹೋಗುತ್ತಾನೆ, ಪತ್ರಿಕೆ ಇದ್ದರೆ ಮತ್ತೆ ಮತ್ತೆ ಬರುತ್ತಾನೆ ಎಂಬುದು ಅವರಿಗೆ ತಿಳಿದಿತ್ತು ಅನ್ನಿಸುತ್ತದೆ. ಅವರಿಗೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳಷ್ಟೇ ಅಲ್ಲ, ಪರರ ಪುಸ್ತಕಗಳನ್ನೂ ಹೊತ್ತು ಮಾರಿದವರು, ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡವರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇನ್ನೊಂದು ಜಾಣತನ ತೋರಿಸಿತು: ಮೊದಲು ಚಂದಾದಾರರು, ಆಮೇಲೆ ಪುಸ್ತಕ. ಓದುಗ ಮೊದಲೇ ದುಡ್ಡು ಕೊಟ್ಟು ಕಾಯುತ್ತಿದ್ದಾನೆ ಎಂಬ ಧೈರ್ಯದ ಮೇಲೆ ಅಚ್ಚಿನ ಮೊಳೆ ಜೋಡಿಸುವುದೇ ಬೇರೆ.

1938ರಲ್ಲಿ ರಂಗನಾಥ ದಿವಾಕರರ, 1958ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಮತ್ತೆರಡು ಸಮ್ಮೇಳನಗಳನ್ನು ಬಳ್ಳಾರಿ ಕಂಡಿತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಮ್ಮೇಳನದ ಹೊತ್ತಿಗೆ ಮುಂದಿನ ಸರದಿಯೂ ಬಳ್ಳಾರಿಗೇ ಎಂದಾಯಿತು. ಸಮ್ಮೇಳನಗಳಲ್ಲಿ ಪುಸ್ತಕ ಮಾರಾಟವಾಗುವುದು ನಿಜ. ಆದರೆ ಅಲ್ಲಿ ಹೊಸಬರ ಪುಸ್ತಕ ಕಾಣಬೇಕಾದರೆ ಮಳಿಗೆ ಹಿಡಿಯಬೇಕು, ಇಲ್ಲವೇ ಯಾರದೋ ಮಳಿಗೆಯ ಮೂಲೆಯಲ್ಲಿ ಹತ್ತು ಪ್ರತಿ ಇಡಲು ಕೇಳಿಕೊಳ್ಳಬೇಕು. ‘ಇಡ್ರಿ ಸರ ಅಲ್ಲಿ, ಹೋದ್ರೆ ಹೋಗ್ತಾವ’ ಎಂಬ ಉತ್ತರ ಬರುತ್ತದೆ. ಸಂಜೆ ಎಣಿಸಿದರೆ ಹತ್ತಕ್ಕೆ ಹತ್ತೂ ಇರುತ್ತವೆ. ಒಮ್ಮೊಮ್ಮೆ ಹನ್ನೊಂದಾಗಿರುತ್ತವೆ, ಬೇರೆ ಯಾರೋ ಕವಿ ತಮ್ಮದನ್ನೂ ನಡುವೆ ಸೇರಿಸಿ ಹೋಗಿರುತ್ತಾರೆ.

ಈ ಸೀಮೆಯಿಂದ ಹೋಗಿ ದೊಡ್ಡ ಓದುಗ ಬಳಗ ಕಟ್ಟಿಕೊಂಡವರ ದಾರಿಗಳನ್ನು ನೋಡಿದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಪೊಲೀಸ್ ಇಲಾಖೆಯ ಗುಮಾಸ್ತರು. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿ ಕನ್ನಡದ ಕಡೆ ಹೊರಳಿದವರು. ಅವರ ಹಾಸ್ಯಪಾತ್ರ ತಿಂಮ ಪುಸ್ತಕದಿಂದ ಜಿಗಿದು ಹೋಟೆಲು, ಕಟಿಂಗ್ ಶಾಪು, ಬಸ್ಸಿನ ಹಿಂದಿನ ಸೀಟು ಸೇರಿಬಿಟ್ಟ. ಪುಸ್ತಕ ಕೊಳ್ಳದವನೂ ತಿಂಮನ ಜೋಕು ಹೇಳುತ್ತಿದ್ದ. ಕೇಳಿದವನು ಆಮೇಲೆ ಪುಸ್ತಕ ಹುಡುಕುತ್ತಿದ್ದ. ಬಾಯಿಂದ ಬಾಯಿಗೆ ಹೋಗುವಂಥ ಒಂದು ತುಣುಕು ಬರಹದೊಳಗೇ ಇದ್ದರೆ ಬೇರೆ ಜಾಹೀರಾತು ಬೇಡ.

ಬಳ್ಳಾರಿಯಲ್ಲೇ ಹುಟ್ಟಿದ ರವಿ ಬೆಳಗೆರೆ ತದ್ವಿರುದ್ಧ. 1995ರಲ್ಲಿ ‘ಹಾಯ್ ಬೆಂಗಳೂರ್’ ವಾರಪತ್ರಿಕೆ ಶುರು ಮಾಡಿ, ವಾರವಾರ ತಮ್ಮ ದನಿಗೆ ಕಿವಿಗೊಡುವ ಮಂದಿಯನ್ನು ಮೊದಲು ಕಟ್ಟಿಕೊಂಡರು; ಭಾವನಾ ಪ್ರಕಾಶನದ ಪುಸ್ತಕಗಳು ಆ ಮಂದಿಯ ಹೆಗಲೇರಿ ಹೋದವು. ಕೊನೆಗೆ ಬೆಂಗಳೂರಿನಲ್ಲಿ ಪುಸ್ತಕ, ಕಾಫಿ ಎರಡೂ ಸಿಗುವ ತಮ್ಮದೇ ಅಂಗಡಿಯನ್ನೂ ತೆರೆದರು. ಅವರ ಬರಹವನ್ನು ಒಪ್ಪದವರೂ ಇದೊಂದನ್ನು ಒಪ್ಪಬೇಕು: ಬರೆಯುವವನು ಮಾರುವುದಕ್ಕೆ ನಾಚಬಾರದು ಎಂದು ಅವರಷ್ಟು ಗಟ್ಟಿಯಾಗಿ ತೋರಿಸಿದವರು ಕಡಿಮೆ.

ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ‘ಛಂದ ಪುಸ್ತಕ’ ಎಂಬ ಪ್ರಕಾಶನ ತೆರೆದರು. ತಮ್ಮ ಪುಸ್ತಕ ಹಾಕಿಕೊಂಡು ಸುಮ್ಮನಾಗಲಿಲ್ಲ. ಮೊದಲ ಕಥಾಸಂಕಲನ ತರಲಿರುವವರ ಹಸ್ತಪ್ರತಿಗಳಿಗೆ ಬಹುಮಾನವಿಟ್ಟು, ಗೆದ್ದದ್ದನ್ನು ತಾವೇ ಪ್ರಕಟಿಸುತ್ತ ಬಂದರು. ಹೀಗೆ ಬಂದ ಹೊಸಬರಿಗೆ ಸಿಕ್ಕ ದೊಡ್ಡ ಲಾಭ ಬಹುಮಾನದ ದುಡ್ಡಲ್ಲ. ‘ಛಂದದ ಪುಸ್ತಕವಾ, ಕೊಡಿ ನೋಡೋಣ’ ಎನ್ನುವ ಓದುಗರ ನಂಬಿಕೆ. ಹೆಸರಿಲ್ಲದ ಲೇಖಕನಿಗೆ ಹೆಸರಿರುವ ಪ್ರಕಾಶನವೇ ಜಾಮೀನು.

ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡು ಬರೆದವರು. ಅವರ ಕಾಲದ ಕತೆಗಾರರು ಓದುಗರನ್ನು ಕಂಡುಕೊಂಡದ್ದು ಪತ್ರಿಕೆಗಳಲ್ಲಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಹೆಸರು ಬಂದರೆ ಮರುದಿನದಿಂದ ಅಂಚೆಯಣ್ಣ ಕಾರ್ಡು ತರುತ್ತಿದ್ದ. ‘ಕೊಟ್ರೇಶಿ ಕನಸು’ ಸಿನಿಮಾ ಆಗಿ, 2007ರಲ್ಲಿ ‘ಅರಮನೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ಓದುಗರು ಹೆಚ್ಚಿದರು ನಿಜ, ಅದಕ್ಕೆ ಎಷ್ಟೋ ಮೊದಲೇ ವಾರಪತ್ರಿಕೆ ಓದುವ ಮನೆಗಳಿಗೆ ಕುಂವೀ ಎಂಬ ಹೆಸರು ಹೋಗಿ ಕೂತಿತ್ತು. ಇವತ್ತಿನ ಹುಡುಗರಿಗೆ ಆ ಮೆಟ್ಟಿಲು ಸಣ್ಣದಾಗಿದೆ. ಪುರವಣಿಗಳಲ್ಲಿ ಕತೆಗೆ ಕೊಡುವ ಜಾಗ ಕುಗ್ಗಿದೆ. ಹಾಗಾಗಿ ಪತ್ರಿಕೆಯಲ್ಲಿ ಹತ್ತು ಕತೆ ಬಂದ ಮೇಲೆ ಪುಸ್ತಕ ಎಂಬ ಹಳೆಯ ಕ್ರಮ ತಪ್ಪಿ, ಪುಸ್ತಕವೇ ಮೊದಲ ಪ್ರಕಟಣೆಯಾಗುತ್ತಿದೆ. ಓದುಗನಿಗೆ ಗೊತ್ತೇ ಇಲ್ಲದ ಹೆಸರು ನೇರವಾಗಿ ನೂರಿಪ್ಪತ್ತು ರೂಪಾಯಿ ಕೇಳುತ್ತದೆ.

ಇವರೆಲ್ಲ ಹೊರಗೆ ಹೋಗಿ ಬೆಳೆದವರು ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಸಿ. ಚನ್ನಬಸವಣ್ಣನವರು ಬಳ್ಳಾರಿಯ ಗಾಂಧಿನಗರದಲ್ಲಿ ಕಟ್ಟಿದ ಲೋಹಿಯಾ ಪ್ರಕಾಶನ, ಬೆಂಗಳೂರು ಧಾರವಾಡಗಳ ಆಚೆಗೂ ಕನ್ನಡದ ಗಂಭೀರ ಪುಸ್ತಕ ಅಚ್ಚಾಗಬಲ್ಲದು ಎಂದು ತೋರಿಸಿತು. ಇನ್ನೂ ಅಚ್ಚರಿಯದು ಪಲ್ಲವ ಪ್ರಕಾಶನ. ಅದರ ವಿಳಾಸ ಕುರುಗೋಡು ಮತ್ತು ಕಂಪ್ಲಿ ನಡುವಿನ ಎಮ್ಮಿಗನೂರು ಅಂಚೆಯ ಚನ್ನಪಟ್ಟಣ ಎಂಬ ಹಳ್ಳಿ. ಭತ್ತದ ಗದ್ದೆಗಳ ನಡುವಿನ ಪಿನ್‌ಕೋಡಿನಿಂದ ಹೊರಟ ಕವಿತೆ, ಕತೆ, ವಿಮರ್ಶೆಗಳು ನಾಡಿನ ಎಲ್ಲ ಕಡೆ ಓದಿಸಿಕೊಂಡಿವೆ. ಎರಡರದೂ ಅಂಗಡಿ ನೆಚ್ಚಿದ ವ್ಯಾಪಾರವಲ್ಲ. ಗೆಳೆಯರು, ಮೇಷ್ಟ್ರುಗಳು, ಸಭೆಗಳು, ಅಂಚೆ. ಇಲ್ಲಿ ಓದುಗ ಎಂದರೆ ವಿಳಾಸ ಗೊತ್ತಿರುವ ಮನುಷ್ಯ.

ಅಂಚೆ ಎಂದಾಗ ಸಿರುಗುಪ್ಪದ ಮಾತು ಬರುತ್ತದೆ. ತುಂಗಭದ್ರೆಯ ನೀರು, ಭತ್ತ, ಅಕ್ಕಿ ಗಿರಣಿಗಳ ಈ ಊರಿನಲ್ಲಿ ಬರೆಯುವವರು ಹೆಚ್ಚಾಗಿ ಶಾಲಾ ಮಾಸ್ತರರು. ಅಂಗಡಿಯಲ್ಲಿ ಸಿಗುವುದು ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಕವನ ಸಂಕಲನ ಇಡಲು ಅಂಗಡಿಯವರಿಗೆ ಮನಸ್ಸಿಲ್ಲದಿಲ್ಲ, ಕೇಳುವವರಿಲ್ಲ. ಹೀಗಾಗಿ ಮಾಸ್ತರರಿಗೆ ಉಳಿದದ್ದು ಅಂಚೆ ಕಚೇರಿ. ನೋಂದಾಯಿತ ಬುಕ್ ಪೋಸ್ಟ್ ಎಂಬ ಅಗ್ಗದ ಸೌಲಭ್ಯ ಬಡ ಪ್ರಕಾಶಕರ ಬೆನ್ನೆಲುಬಾಗಿತ್ತು. 2024ರ ಡಿಸೆಂಬರ್‌ನಲ್ಲಿ ಅದು ಸದ್ದಿಲ್ಲದೆ ನಿಂತುಹೋಯಿತು. ಪುಸ್ತಕದ ಬೆಲೆಗೂ ಕಳಿಸುವ ಬೆಲೆಗೂ ಪೈಪೋಟಿ ಶುರುವಾಯಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ. ಸಾಹಿತ್ಯದ ಭಾಷಣಗಳಲ್ಲಿ ಇಂಥ ದರಗಳ ಮಾತು ಬರುವುದಿಲ್ಲ. ಆದರೆ ತನ್ನ ಸಂಕಲನ ಆ 300 ಗ್ರಾಮಿನೊಳಗೆ ಬರುತ್ತದೋ ಇಲ್ಲವೋ ಎಂಬುದು ಸಣ್ಣ ಊರಿನ ಲೇಖಕನಿಗೆ ವಿಮರ್ಶಕರ ಮೆಚ್ಚುಗೆಗಿಂತ ಹತ್ತಿರದ ಪ್ರಶ್ನೆ. ಮುಖಪುಟಕ್ಕೆ ದಪ್ಪ ರಟ್ಟು ಬೇಡ ಎಂದು ಹೇಳುವ ಕವಿಗಳು ಈಗ ಇದ್ದಾರೆ.

ಸಿರುಗುಪ್ಪಕ್ಕೆ ಇನ್ನೊಂದು ಬಾಗಿಲಿದೆ, ಅದನ್ನು ಯಾರೂ ತಟ್ಟುತ್ತಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ, ಕನ್ನಡ ಶಾಲೆಗಳಿವೆ. ಸಿರುಗುಪ್ಪದಿಂದ ಆದವಾನಿಗೆ ಸಂತೆ ಮಾಡಲು, ಬೀಗತನ ಬೆಳೆಸಲು ಹೋಗುತ್ತೇವೆ. ಪುಸ್ತಕ ಹಿಡಿದು ಹೋದವರು ನನಗೆ ಕಂಡಿಲ್ಲ. ಬೆಂಗಳೂರಿನ ಅಂಗಡಿಯ ಕಪಾಟಿನಲ್ಲಿ ಬೆನ್ನು ಕಾಣಿಸಿದರೆ ಸಾಕು ಎಂದು ಹಂಬಲಿಸುವವರಿಗೆ ಪಕ್ಕದೂರಿನ ಕನ್ನಡ ಶಾಲೆಯ ನೆನಪಾಗುವುದಿಲ್ಲ.

ಸರ್ಕಾರದ ದಾರಿ ಎಲ್ಲರಿಗೂ ಗೊತ್ತಿರುವುದೇ, ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕನ್ನಡ ಪುಸ್ತಕ ಪ್ರಾಧಿಕಾರ 18ರಿಂದ 35 ವಯಸ್ಸಿನವರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಮ್ಮ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬೀಳುತ್ತದೆ. ಆ ದುಡ್ಡಿನಲ್ಲಿ ಇಲಾಖೆ ಸಗಟು ಖರೀದಿ ಮಾಡುತ್ತದೆ. ಆಯ್ಕೆಯಾದರೆ ಮುನ್ನೂರರ ಹತ್ತಿರ ಪ್ರತಿ ಒಂದೇ ಸಲಕ್ಕೆ ಹೋಗುತ್ತವೆ. ಹಣ ಕೈಸೇರಲು ವರ್ಷಗಟ್ಟಲೆ ಕಾದ ಪ್ರಕಾಶಕರ ಗೋಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನನ್ನ ತಕರಾರು ಅದಲ್ಲ. ಈ ಖರೀದಿಯನ್ನೇ ನಂಬಿ ಪುಸ್ತಕ ಮಾಡುವವರಿಗೆ ಓದುಗ ಎಂಬ ಪ್ರಾಣಿ ಬೇಕೇ ಆಗುವುದಿಲ್ಲ. ಅಧ್ಯಾಪಕರ ಬಡ್ತಿಯ ಅಂಕಕ್ಕಾಗಿ ಐಎಸ್‌ಬಿಎನ್ ಹಾಕಿಸಿ ತರುವ ಪುಸ್ತಕಗಳದ್ದೂ ಇದೇ ಕತೆ: ಅವುಗಳ ನಿಜವಾದ ಓದುಗ ಕಡತ ನೋಡುವ ಸಮಿತಿ, ಅದೂ ಮುಖಪುಟವನ್ನಷ್ಟೇ.

ಇವೆಲ್ಲದರ ನಡುವೆ ‘ಅರಿವು ಕೇಂದ್ರ’ ಎಂದು ಹೊಸ ಹೆಸರು ಪಡೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನನಗೆ ಹೆಚ್ಚು ಆಸೆ ಹುಟ್ಟಿಸುತ್ತವೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು. ಕುರುಗೋಡು ಸೀಮೆಯ ಹಳ್ಳಿಗಳಲ್ಲಿ ರಜೆಯ ದಿನ ಅಲ್ಲಿ ಮಕ್ಕಳಿರುತ್ತಾರೆ. ಅಂಥ ಕಡೆ ಲೇಖಕರೇ ಹೋಗಿ, ಭಾಷಣ ಬಿಟ್ಟು, ಒಂದು ಕತೆ ಓದಿ ಹೇಳಿ, ಎರಡು ಪ್ರತಿ ಇಟ್ಟು ಬಂದರೆ ಆಗುವ ಖರ್ಚು ಒಂದು ಶಾಲಿಗಿಂತ ಕಡಿಮೆ.

ಫೋನು ಎಲ್ಲವನ್ನೂ ಬದಲಿಸಿತು ಎನ್ನುತ್ತಾರೆ. ಸ್ವಲ್ಪ ಬದಲಿಸಿದೆ. ಮುಖಪುಟವನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿ, ಕೆಳಗೆ ಫೋನ್‌ಪೇ ನಂಬರ್ ಕೊಟ್ಟರೆ ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬ ಅಪರಿಚಿತ ದುಡ್ಡು ಹಾಕಿ ವಿಳಾಸ ಕಳಿಸುತ್ತಾನೆ. ಆ ಒಂದು ಪ್ರತಿ ಕೊಡುವ ಖುಷಿಯನ್ನು ನೂರು ಗೌರವ ಪ್ರತಿಗಳು ಕೊಡಲಾರವು. ‘ಪ್ರತಿಲಿಪಿ’ ಆ್ಯಪ್‌ನಲ್ಲಿ ಧಾರಾವಾಹಿ ಬರೆಯುವ ಹೆಣ್ಣುಮಕ್ಕಳಿಗೆ ಇರುವ ಓದುಗರ ಸಂಖ್ಯೆ ಕೇಳಿದರೆ ಪ್ರಶಸ್ತಿ ಪಡೆದ ಕವಿಗಳು ಮಾತು ಬದಲಿಸುತ್ತಾರೆ, ಅದನ್ನು ಸಾಹಿತ್ಯ ಎನ್ನಬೇಕೇ ಬೇಡವೇ ಎಂದು ಚರ್ಚೆ ತೆಗೆಯುತ್ತಾರೆ. ಅಡುಗೆ ಮುಗಿಸಿ ರಾತ್ರಿ ಹತ್ತಕ್ಕೆ ಮುಂದಿನ ಕಂತಿಗಾಗಿ ಕಾಯುವವಳು ಓದುಗಳಲ್ಲದಿದ್ದರೆ ಮತ್ಯಾರು? ‘ಬುಕ್ ಬ್ರಹ್ಮ’ ಜಾಲತಾಣದ ಕಥಾ, ಕಾದಂಬರಿ ಸ್ಪರ್ಧೆಗಳು ಹಳೆಯ ವಿಶೇಷಾಂಕದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತಿವೆ. ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ನಮ್ಮಲ್ಲೂ ಕೆಲವರು ಕನ್ನಡದ ಪುಸ್ತಕ ಕೇಳಿಕೊಂಡು ಅಂಗಡಿಗೆ ಹೋದರು. ಅಂಥದ್ದು ಹಸ್ತ ಮಳೆ. ಬಂದರೆ ಬಂತು, ಅದನ್ನು ನಂಬಿ ಬಿತ್ತುವುದಕ್ಕಾಗುವುದಿಲ್ಲ.

ಸ್ಟೇಟಸ್ಸಿನ ಇನ್ನೊಂದು ಮುಖವೂ ಇದೆ. ನಲವತ್ತು ಜನರ ಸಾಹಿತ್ಯ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ‘ಅಭಿನಂದನೆಗಳು ಸರ್’ ಎಂದು ಹೂಗುಚ್ಛದ ಚಿತ್ರ ಕಳಿಸುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಇಲ್ಲಿ ಊರಿಗೆ ಊರೇ ಪರಸ್ಪರ ಹೆಗ್ಗಣ ಮುದ್ದಾಡುತ್ತದೆ. ಪುಸ್ತಕದ ಮೂವತ್ತನೇ ಪುಟದಲ್ಲಿ ಏನಿದೆ ಎಂದು ಹೇಳಬಲ್ಲ ಒಬ್ಬನೂ ಆ ಬಳಗದಲ್ಲಿರುವುದಿಲ್ಲ.

ಮಠಗಳ ಪ್ರಕಟಣೆಗಳಲ್ಲಿ ‘ಗ್ರಂಥ ದಾಸೋಹಿಗಳು’ ಎಂಬ ಮಾತಿದೆ. ಅಚ್ಚಿನ ಖರ್ಚು ಹೊತ್ತ ಭಕ್ತರ ಹೆಸರು ಮೊದಲ ಪುಟದಲ್ಲಿ. ಪುಸ್ತಕ ಜಾತ್ರೆಗೆ ಬಂದವರಿಗೆ, ಮದುವೆಗೆ ಬಂದವರಿಗೆ, ಹಿರಿಯರ ಪುಣ್ಯಸ್ಮರಣೆಗೆ ಬಂದವರಿಗೆ. ಬಳ್ಳಾರಿಯ ಜೀನ್ಸ್ ಉದ್ಯಮಿಗಳೂ ಸಿರುಗುಪ್ಪದ ಗಿರಣಿಯವರೂ ಈ ರೀತಿ ಒಂದಿಷ್ಟು ಕವಿಗಳಿಗೂ ಆಸರೆಯಾಗಬಹುದಲ್ಲ ಎಂದು ಒಮ್ಮೆ ಹೇಳಿದ್ದೆ. ಪಕ್ಕದಲ್ಲಿದ್ದ ಹಿರಿಯರು ನಕ್ಕು, ‘ತಮ್ಮಾ, ಅಕ್ಕಿ ಕೊಟ್ರೆ ಅನ್ನ ಮಾಡ್ಕೆಂತಾರ, ಪುಕ್ಕಟೆ ಪುಸ್ತಕ ಕೊಟ್ರೆ ಓದ್ತಾರಂತ ಯಾರ್ ಹೇಳಿದ್ರು?’ ಅಂದರು. ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಕುರುಗೋಡಿನಲ್ಲಿ. ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಬೆಂಡು ಬತ್ತಾಸು, ಬಳೆ, ಪ್ಲಾಸ್ಟಿಕ್ ಸಾಮಾನುಗಳ ನಡುವೆ ಗೋಣಿತಾಟು ಹಾಸಿದ ಪುಸ್ತಕದ ಅಂಗಡಿ. ಪಂಚಾಂಗ, ಭಜನೆ ಪದಗಳು, ದೇವರ ಚರಿತ್ರೆ, ಅವುಗಳ ಪಕ್ಕ ಸಾಮಾಜಿಕ ನಾಟಕಗಳ ತೆಳು ಪುಸ್ತಕಗಳು. ಗದಗಿನಂಥ ಊರುಗಳಲ್ಲಿ ಅಚ್ಚಾಗಿ ಬರುವ ಈ ನಾಟಕಗಳನ್ನು ಬರೆದವರು ಹಳ್ಳಿಯ ಕವಿಗಳು. ಸಾಹಿತ್ಯ ಚರಿತ್ರೆಯಲ್ಲಿ ಅವರ ಹೆಸರಿಲ್ಲ, ಬಿಡುಗಡೆ ಸಭೆ ಇಲ್ಲ, ವಿಮರ್ಶೆ ಇಲ್ಲ. ಆದರೆ ಊರಿನ ಹುಡುಗರು ಜಾತ್ರೆಗೋ ಉಗಾದಿಗೋ ನಾಟಕ ಆಡಬೇಕೆಂದು ನಿರ್ಧರಿಸಿದರೆ ದುಡ್ಡು ಕೊಟ್ಟೇ ಪುಸ್ತಕ ಕೊಳ್ಳುತ್ತಾರೆ. ಹಾರ್ಮೋನಿಯಂ ಮಾಸ್ತರ್ ಬರುತ್ತಾರೆ, ಎರಡು ತಿಂಗಳು ತಾಲೀಮು ನಡೆಯುತ್ತದೆ, ಮರಿಯಮ್ಮನಹಳ್ಳಿ ಕಡೆಯಿಂದ ಸ್ತ್ರೀ ಪಾತ್ರಕ್ಕೆ ಕಲಾವಿದೆಯರನ್ನು ಕರೆಸುತ್ತಾರೆ. ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರಿನೊಂದಿಗೆ ಕವಿಯ ಹೆಸರೂ ಅಚ್ಚಾಗುತ್ತದೆ. ಆಟೊಗೆ ಕಟ್ಟಿದ ಮೈಕು ಅದನ್ನು ಸುತ್ತಲಿನ ಹಳ್ಳಿಗಳಿಗೆಲ್ಲ ಕೂಗಿ ಹೇಳುತ್ತದೆ. ನಮ್ಮ ಕಾವ್ಯದ ಯಾವ ಹೊಸ ಸಂಕಲನಕ್ಕೆ ಈ ಭಾಗ್ಯವಿದೆ?

ಆ ನಾಟಕಗಳು ಒಳ್ಳೆಯವು ಎಂದು ನಾನು ವಾದಿಸುವುದಿಲ್ಲ. ಹೆಚ್ಚಿನವುಗಳಲ್ಲಿ ಕುಡುಕ ಮಗ, ಕಣ್ಣೀರಿನ ತಾಯಿ, ಕೇಡಿ ಗೌಡ, ಕೊನೆಗೊಂದು ಪಿಸ್ತೂಲು. ಆದರೂ ಅವುಗಳಿಗೆ ಬಳಕೆ ಇದೆ. ಕೊಂಡವನಿಗೆ ಆ ಪುಸ್ತಕದಿಂದ ಆಗಬೇಕಾದ ಕೆಲಸವಿದೆ. ನಮ್ಮ ಸಂಕಲನ ಕೊಂಡವನಿಗೆ ಅದರಿಂದ ಏನು ಮಾಡುವುದೆಂದು ನಾವೂ ಹೇಳಿಲ್ಲ, ಅವನಿಗೂ ಹೊಳೆದಿಲ್ಲ.

ಕುರುಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ ತಾಲೀಮು ನೋಡಲು ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಬಲ್ಬು, ಅದರ ಕೆಳಗೆ ಹಾರ್ಮೋನಿಯಂ, ಅದರ ಮೇಲೆ ಪುಸ್ತಕ. ಕೈಗೆತ್ತಿಕೊಂಡು ನೋಡಿದೆ. ನಾಯಕನ ಮಾತುಗಳ ಕೆಳಗೆ ಕೆಂಪು ಗೆರೆ, ಗೌಡನ ಮಾತುಗಳಿಗೆ ನೀಲಿ, ಹಾಸ್ಯದವನದಕ್ಕೆ ಪೆನ್ಸಿಲ್ಲು. ಕೆಲವು ಸಾಲು ಹೊಡೆದು ಹಾಕಿ ಪಕ್ಕದಲ್ಲಿ ತಮ್ಮೂರಿನ ಮಾತಿನಲ್ಲಿ ತಿದ್ದಿ ಬರೆದಿದ್ದರು. ಅಂಚುಗಳು ಎಣ್ಣೆ, ಬೆವರು, ಬೀಡಿಯ ಹೊಗೆ ಕುಡಿದು ಮೆತ್ತಗಾಗಿದ್ದವು. ‘ಬರೆದವ್ರು ಯಾರಪ್ಪಾ?’ ಎಂದು ಕೇಳಿದೆ. ಮಾಸ್ತರ್ ಪುಸ್ತಕ ತಿರುಗಿಸಿ ನೋಡಿದರು. ರಟ್ಟು ಯಾವಾಗಲೋ ಕಿತ್ತುಹೋಗಿತ್ತು. ‘ಹೆಸರು ಮ್ಯಾಲಿನ ಹಾಳ್ಯಾಗಿತ್ರಿ ಸರ’ ಅಂದರು, ಎರಡನೇ ಅಂಕದ ಪದಕ್ಕೆ ಶ್ರುತಿ ಹಿಡಿಯುತ್ತ.